ಶಾಪ ಬಿಡಿ, ಪೀಠ ನೋಡಿ

ನಮಸ್ಕಾರ.

ಪ್ರಾಚೀನ ಈಜಿಪ್ಟಿನ ಒಸಿರಿಸ್ ದೇವರ ಗೇಣುದ್ದದ ಕಂಚಿನ ವಿಗ್ರಹದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಐದನೇ ಪುಟದಲ್ಲಿ ಒಂದು ಒಳ್ಳೆಯ ಪ್ಯಾರಾ ಇದೆ.

ಮೊದಲ ನಾಲ್ಕು ಪುಟ ಪೂರ್ತಿ ಪಿರಮಿಡ್ಡು, ರಾಜ ಟುಟಾಂಖಾಮುನ್, ಮಮ್ಮಿಯ ಶಾಪ. ಇವೆಲ್ಲ ಇಲ್ಲಿ ಯಾಕೆ? ಇಂಥ ಕಂಚಿನ ವಿಗ್ರಹಗಳಲ್ಲಿ ಹೆಚ್ಚಿನವು ಕ್ರಿ.ಪೂ. 664ರಿಂದ ಈಚಿನವು. ಅಷ್ಟರಲ್ಲಿ ಟುಟಾಂಖಾಮುನ್ ಸತ್ತು ಆರುನೂರು ವರ್ಷದ ಮೇಲಾಗಿತ್ತು. 'ಐದು ಸಾವಿರ ವರ್ಷ ಹಳೆಯದು' ಅಂತ ಸುಮ್ನೆ ಬರೆಯಬೇಡಿ.

ಇದನ್ನು ಗರ್ಭಗುಡಿಯ ಮೂರ್ತಿ ಎಂದೂ ಬರೆದಿದ್ದೀರಿ. ಇಂಥವು ಬಹುಪಾಲು ಜನ ದೇವಸ್ಥಾನಕ್ಕೆ ಹರಕೆಯಾಗಿ ಒಪ್ಪಿಸಿದವು. ಒಪ್ಪಿಸಿ ಒಪ್ಪಿಸಿ ರಾಶಿ ಬೀಳುತ್ತಿತ್ತು. ದೇವರಿಗೆ ಕೊಟ್ಟದ್ದನ್ನು ಬಿಸಾಡುವಂತಿಲ್ಲ. ಹಾಗಾಗಿ ಆವರಣದಲ್ಲೇ ಗುಂಡಿ ತೋಡಿ ಹೂಳುತ್ತಿದ್ದರು. ಈಜಿಪ್ಟಿನ ಕಾರ್ನಾಕ್ ದೇವಸ್ಥಾನದ ಅಂಗಳದಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾರ್ಜ್ ಲೆಗ್ರೇನ್ 1903ರಲ್ಲಿ ಅಗೆಯಲು ಶುರು ಮಾಡಿದಾಗ ನೂರಾರು ಕಲ್ಲಿನ ಶಿಲ್ಪಗಳು ಸಿಕ್ಕವು. ಜೊತೆಗೆ ಸುಮಾರು 17,000 ಕಂಚಿನವು! ನಿಮ್ಮ ಶಾಪಕ್ಕಿಂತ ಇದರಲ್ಲಿ ಜಾಸ್ತಿ ಕಥೆ ಇದೆ, ಅಲ್ವಾ?

ಈಗ ಆ ಒಳ್ಳೆಯ ಪ್ಯಾರಾ. ಪಾದದ ಕೆಳಗೆ ಚಾಚಿಕೊಂಡ ಸಣ್ಣ ಗೂಟವನ್ನು ನೀವು ಗಮನಿಸಿದ್ದೀರಿ. ಅದು ವಿಗ್ರಹವನ್ನು ಪೀಠಕ್ಕೆ ಸಿಕ್ಕಿಸಲು ಇದ್ದದ್ದು. ಎಷ್ಟೋ ವಿಗ್ರಹಗಳ ಪೀಠ ಕಳೆದುಹೋಗಿದೆ. ಉಳಿದ ಕೆಲವು ಪೀಠಗಳ ಮೇಲೆ ಬರಹ ಇರುತ್ತದೆ: ಒಸಿರಿಸ್ ಇಂಥವನಿಗೆ ಆಯುಸ್ಸು ಕೊಡಲಿ ಅಂತ. ಕೊಟ್ಟವನ ಹೆಸರು, ಅಪ್ಪನ ಹೆಸರು, ಕೆಲವೊಮ್ಮೆ ಅಮ್ಮನದೂ. ಇವರಲ್ಲಿ ಹೆಚ್ಚಿನವರು ರಾಜರಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ.

ಎರಕದ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಮೊದಲು ಮೇಣದಲ್ಲಿ ರೂಪ, ಅದರ ಮೇಲೆ ಮಣ್ಣು. ಕಾಯಿಸಿದರೆ ಮೇಣ ಹರಿದುಹೋಗುತ್ತದೆ. ಆ ಟೊಳ್ಳಿಗೆ ಕರಗಿದ ಕಂಚು ಹೊಯ್ಯಬೇಕು. ಚಿಕ್ಕವು ಸಾಮಾನ್ಯವಾಗಿ ಗಟ್ಟಿ ಎರಕ. ದೊಡ್ಡವುಗಳ ಒಳಗೆ ಮಣ್ಣು, ಮರಳಿನ ತಿರುಳು ಇಟ್ಟು ಲೋಹ ಉಳಿಸುತ್ತಿದ್ದರು. ಸೀಸ ಬೆರೆಸಿದ ಕಂಚು ಸಲೀಸಾಗಿ ಹರಿಯುತ್ತದೆ. ನಮ್ಮ ಪಂಚಲೋಹದ ವಿಗ್ರಹಗಳೂ ಮೇಣದ ಎರಕವೇ ಎಂದು ಒಂದು ಮಾತು ಬರೆದರೆ ಸಾಕು. 'ಇದು ಭಾರತದಿಂದ ಹೋದ ವಿದ್ಯೆ' ಎಂಬ ಸಾಲು ತೆಗೆಯಿರಿ. ಆಧಾರ ಕೊಟ್ಟಿಲ್ಲ.

ಇನ್ನೊಂದು. ಒಸಿರಿಸ್‌ನನ್ನು ಚಿತ್ರಗಳಲ್ಲಿ ಹಸಿರಾಗಿ ಬರೆಯುತ್ತಿದ್ದದ್ದು ನಿಜ. ಆದರೆ ಈ ವಿಗ್ರಹದ ಹಸಿರು ಭಕ್ತಿಯದಲ್ಲ, ಕಿಲುಬು. ಹೊಸದರಲ್ಲಿ ಕಂಚು ಹೀಗಿರುವುದಿಲ್ಲ. ಕೆಲವಕ್ಕಂತೂ ಚಿನ್ನದ ತಗಡೂ ಹೊದಿಸುತ್ತಿದ್ದರು.

ತಿದ್ದಿ ಕಳಿಸಿ, ಎಂಟುನೂರು ಪದ ಸಾಕು. ಫೋಟೊ ಯಾವ ಮ್ಯೂಸಿಯಂನದು, ಬಳಸಲು ಅನುಮತಿ ಇದೆಯೇ ಎಂದೂ ತಿಳಿಸಿ. ಬರಹ ಇರುವ ಪೀಠದ ಚಿತ್ರ ಸಿಕ್ಕರೆ ಅದನ್ನೇ ದೊಡ್ಡದಾಗಿ ಹಾಕೋಣ.

ಸಂಪಾದಕ