ಮುಳ್ಳಿಗಿಂತ ಓಡೋಮೀಟರ್ ನಂಬಿ

ಸ್ಪ್ಲೆಂಡರ್ ಪ್ಲಸ್‌ನ ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದ ಮೇಲೆ ಎಷ್ಟು ದೂರ ಹೋಗಬಹುದು ಅಂತ ಕೇಳಿದ್ದೀರಿ. ಮುಳ್ಳನ್ನೇ ನೆಚ್ಚಿಕೊಳ್ಳಬೇಡಿ. ಟ್ಯಾಂಕಿನೊಳಗೆ ತೇಲುವ ಬುರುಡೆ ಅದನ್ನು ಆಡಿಸುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದಾಗ, ಘಾಟಿ ಹತ್ತುವಾಗ ಪೆಟ್ರೋಲ್ ಒಂದು ಕಡೆ ಸರಿದು ಲೆಕ್ಕ ತಪ್ಪುತ್ತದೆ. ಸಮ ನೆಲದಲ್ಲಿ ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿ.

ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರ್ (ಗಾಡಿ ಒಟ್ಟು ಓಡಿದ ಕಿ.ಮೀ. ತೋರಿಸುವ ಮೀಟರ್) ಅಂಕಿ ಬರೆದಿಡಿ. ಮುಂದಿನ ಸಲವೂ ಅದೇ ಮಟ್ಟಕ್ಕೆ ತುಂಬಿಸಿ. 312 ಕಿ.ಮೀ.ಗೆ 5.2 ಲೀಟರ್ ಹಿಡಿದರೆ ಲೀಟರಿಗೆ 60. ನಿಮ್ಮ 9.8 ಲೀಟರ್ ಟ್ಯಾಂಕಿಗೆ 588 ಕಿ.ಮೀ. ಬಂತು. ನಾನಾದರೆ 450ಕ್ಕೇ ಬಂಕ್ ಹುಡುಕುತ್ತೇನೆ. ಹಿಂದೆ ಒಬ್ಬರು ಕೂತರೆ ಮೈಲೇಜ್ ಇಳಿಯುತ್ತದೆ.

ಶಿರಾಡಿ ಘಾಟಿ ಹತ್ತಿ ದೋಣಿಗಾಲ್ ಹತ್ತಿರ ನನ್ನ ಹಳೇ ಕಾರ್ಬುರೇಟರ್ ಬೈಕ್ ರಿಸರ್ವ್ ಕೂಡ ಮುಗಿದು ನಿಂತಿತ್ತು. ಟ್ಯಾಂಕಿನ ತಳ ಎರಡೂ ಬದಿಗೆ ಇಳಿಬಿದ್ದಿರುತ್ತದೆ ಅಲ್ವಾ, ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಇಲ್ಲದ ಬದಿಯಲ್ಲಿ ಸ್ವಲ್ಪ ಉಳಿದಿತ್ತು. ಕಾಕ್ ಕಡೆಗೆ ಗಾಡಿ ಚೆನ್ನಾಗಿ ವಾಲಿಸಿದೆ. ಗುಳುಗುಳು ಅಂತ ಹರಿದು ಬಂತು. ಸಕಲೇಶಪುರದ ಬಂಕ್ ಮುಟ್ಟಿದೆ.

ನಿಮ್ಮದು ಬಿಎಸ್6 (ಹೊಸ ಹೊಗೆ ನಿಯಮದ, ಕಾರ್ಬುರೇಟರ್ ಇಲ್ಲದ) ಗಾಡಿಯಾದರೆ ಅಲ್ಲಿವರೆಗೆ ಬಿಡಲೇಬೇಡಿ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ.