ನೀರಷ್ಟೇ ಹಾಕುವ ಬಾಟಲಿಯಲ್ಲಿ ಲೋಳೆ ಯಾಕೆ?

ಪ್ರಶ್ನೆ: ನನ್ನ ಬಾಟಲಿಗೆ ನೀರು ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಆದರೂ ಒಳಗೆ ಬೆರಳಾಡಿಸಿದರೆ ಜಾರುತ್ತದೆ. ಕುಲುಕಿ ತೊಳೆದರೂ ಹೋಗುವುದಿಲ್ಲ. ಏನಿದು? ಲ್ಯಾಬಿನಲ್ಲಿ ಇದನ್ನು ಹೇಗೆ ಅಳೆಯುತ್ತಾರೆ?

ಉತ್ತರ: ಅದು ಬಯೋಫಿಲ್ಮ್, ಬ್ಯಾಕ್ಟೀರಿಯಾ ಕಟ್ಟಿಕೊಂಡ ಮನೆ. ನೀರಲ್ಲಿ ಈಜಾಡುವ ಒಂದೆರಡು ಮೊದಲು ಗೋಡೆಗೆ ತಾಗುತ್ತವೆ. ಆಗಿನ್ನೂ ಹಿಡಿತ ಸಡಿಲ, ಬಿಟ್ಟು ಹೋಗಲೂಬಹುದು. ಉಳಿದವು ಅಂಟಂಟಾದ ಲೋಳೆ ಸುರಿಸಿ ಅದರೊಳಗೇ ಸಂಸಾರ ಹೂಡುತ್ತವೆ.

ಅಳೆಯುವ ಕೆಲಸ ನಾನೇ ಹಲವು ವರ್ಷ ಮಾಡಿದ್ದೇನೆ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಮರುದಿನ ದ್ರವ ಚೆಲ್ಲಿ, ತೊಳೆದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕುತ್ತೇವೆ. ಮತ್ತೆ ತೊಳೆದರೆ, ದ್ರವದ ಮಟ್ಟ ಇದ್ದ ಕಡೆ ಬಳೆಯ ಹಾಗೆ ನೇರಳೆ ಗೆರೆ ಕಾಣುತ್ತದೆ. ಆ ಬಣ್ಣವನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಎಷ್ಟು ಗಾಢ ಅಂತ ಯಂತ್ರದಲ್ಲಿ ನೋಡುತ್ತೇವೆ. ಗಾಢವಾದಷ್ಟೂ ಅಂಟಿದ್ದು ಜಾಸ್ತಿ.

ಶುರುವಿನಲ್ಲಿ ನನ್ನ ಲೆಕ್ಕ ಕೂಡುತ್ತಲೇ ಇರಲಿಲ್ಲ. ಒಂದೇ ಬ್ಯಾಕ್ಟೀರಿಯಾ, ಒಂದು ಗುಳಿ ಕಡು ನೇರಳೆ, ಪಕ್ಕದ್ದು ಹೆಚ್ಚುಕಮ್ಮಿ ಖಾಲಿ. ಮೂರು ವಾರ ಒದ್ದಾಡಿದೆ. ಕೊನೆಗೆ ನನ್ನ ಸೀನಿಯರ್ ಪಕ್ಕದಲ್ಲಿ ನಿಂತು ನೋಡಿ, ‘ಪಿಪೆಟ್‌ನಿಂದ ನೀರನ್ನು ನೇರ ಗೋಡೆಗೆ ಚಿಮ್ಮಿಸ್ತಿದ್ದೀಯಲ್ಲ, ಅದಕ್ಕೇ ಲೋಳೆ ಕಿತ್ತು ಬರ್ತಿದೆ’ ಎಂದರು. ಆವತ್ತಿನಿಂದ ಇಡೀ ಪ್ಲೇಟನ್ನೇ ನೀರಿನ ಟಬ್ಬಿನಲ್ಲಿ ಮೆಲ್ಲಗೆ ಮುಳುಗಿಸಿ, ಬೋರಲು ಹಾಕಿ, ಟಿಶ್ಯೂ ಮೇಲೆ ತಟ್ಟುತ್ತೇನೆ. ಈ ಪರೀಕ್ಷೆಯ ಜೀವ ಇರುವುದೇ ತೊಳೆಯುವ ಕೈಯಲ್ಲಿ. ಜಾಸ್ತಿ ತೊಳೆದರೆ ಅಂಟಿದ್ದೂ ಹೋಗುತ್ತದೆ, ಕಡಿಮೆಯಾದರೆ ತೇಲುತ್ತಿದ್ದವೂ ಲೆಕ್ಕಕ್ಕೆ ಸೇರುತ್ತವೆ.

ಇನ್ನೊಂದು ಮಾತು. ಈ ಬಣ್ಣ ಸತ್ತವಕ್ಕೂ ಹತ್ತುತ್ತದೆ, ಬದುಕಿದವಕ್ಕೂ ಹತ್ತುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಹಾಕಿದ ಔಷಧಿ ಕೆಲಸ ಮಾಡಿತಾ ಅಂತ ತಿಳಿಯಬೇಕಾದರೆ ಲೋಳೆಯನ್ನು ಕೆರೆದು ತೆಗೆದು, ಬೇರೆ ತಟ್ಟೆಯಲ್ಲಿ ಬೆಳೆಸಿ ಎಣಿಸಬೇಕು. ಯಾಕೆಂದರೆ ಲೋಳೆಯ ಒಳಗಿನವು ಸುಮ್ನೆ ಸಾಯುವುದಿಲ್ಲ. 1680ರ ದಶಕದಲ್ಲೇ, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ಸೂಕ್ಷ್ಮಜೀವಿಗಳನ್ನು ನೋಡಿದ ಡಚ್ ವ್ಯಕ್ತಿ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯಲ್ಲಿ ಇದನ್ನು ಕಂಡಿದ್ದ. ವಿನೆಗರ್‌ನಿಂದ ಹಲ್ಲು ತೊಳೆದರೂ ಹೊರಪದರದ ಜೀವಿಗಳಷ್ಟೇ ಸತ್ತವು ಎಂದು ಬರೆದಿಟ್ಟಿದ್ದಾನೆ. ಒಳಗೆ ಅಂಟಿದವು ಸುಲಭಕ್ಕೆ ಸಾಯುವುದಿಲ್ಲ ಅಂತ ಆಗಲೇ ಕಣ್ಣಿಗೆ ಬಿದ್ದಿತ್ತು, ಅಲ್ವಾ!

ಹಾಗಾಗಿ ನಿಮ್ಮ ಬಾಟಲಿಯನ್ನು ಕುಲುಕಿದರೆ ಸಾಲದು. ಸೋಪು ಹಾಕಿ ಬ್ರಷ್‌ನಿಂದ ಗಸಗಸ ಉಜ್ಜಿ. ಮುಚ್ಚಳದ ರಬ್ಬರ್ ರಿಂಗು ಬಿಚ್ಚಲು ಬಂದರೆ ಬಿಚ್ಚಿ ನೋಡಿ, ಅದರ ಸಂದಿಯಲ್ಲೂ ಲೋಳೆ ಕೂತಿರುತ್ತದೆ. ಆಮೇಲೆ ಮುಚ್ಚಳ ಹಾಕದೆ ಪೂರ್ತಿ ಒಣಗಲು ಬಿಡಿ.