ಡಿಸಿ ಆಫೀಸಿನಲ್ಲಿ ಇಂಟರ್ನ್ ಆದವರಿಗೆ ಫೈಲ್ ಮೇಲೆ ಬರೆಯೋಕೆ ಯಾಕೆ ಬಿಡಲ್ಲ?

ಯಾಕಂದ್ರೆ ಫೈಲಿನಲ್ಲಿ ಬರೆದ ಪ್ರತಿ ಸಾಲಿಗೂ ಒಬ್ಬರು ಜವಾಬು ಕೊಡಬೇಕು. ಇಂಟರ್ನ್ ಮೇಲೆ ಆ ಹೊಣೆ ಹಾಕೋಕೆ ಬರಲ್ಲ, ಅಷ್ಟೇ.

ಕಲಬುರಗಿ ಡಿಸಿ ಆಫೀಸಿಗೆ ಆಳಂದದಿಂದ ಒಂದು ಜಮೀನಿನ ಅರ್ಜಿ ಬಂತು ಅಂದ್ಕೊಳ್ಳಿ. ಟಪಾಲಿನಲ್ಲಿ ನಂಬರ್ ಬೀಳುತ್ತದೆ, ವಿಷಯ ನಿರ್ವಾಹಕರು, ಅಂದರೆ ಕೇಸ್ ವರ್ಕರ್, ಟಿಪ್ಪಣಿ ಬರೆಯುತ್ತಾರೆ, ಶಿರಸ್ತೇದಾರರು ನೋಡಿ ಮೇಲಕ್ಕೆ ಕಳಿಸುತ್ತಾರೆ, ಹೀಗೆ ಒಬ್ಬೊಬ್ಬರ ಸಹಿ ಬಿದ್ದು ಕೊನೆಗೆ ಸಾಹೇಬರ ಮೇಜಿಗೆ ಹೋಗುತ್ತದೆ. ನಾಳೆ ಅದು ಕೋರ್ಟಿಗೆ ಹೋದರೆ, ಇಲ್ಲಾ ಯಾರಾದರೂ ಆರ್‌ಟಿಐ ಹಾಕಿದರೆ, ಈ ಟಿಪ್ಪಣಿಗಳೇ ಹೊರಗೆ ಬರೋದು. ಅಷ್ಟೊತ್ತಿಗೆ ನೀವು ಕಾಲೇಜಿಗೆ ವಾಪಸ್ ಹೋಗಿರುತ್ತೀರಿ, ಯಾರನ್ನ ಕೇಳಬೇಕು? ಕಂಪ್ಯೂಟರಿನಲ್ಲೇ ಫೈಲ್ ನಡೆಸುವ ಇ-ಆಫೀಸ್‌ನಲ್ಲೂ ಅದೇ ಕಥೆ, ಲಾಗಿನ್ ಸಿಬ್ಬಂದಿ ಹೆಸರಿನಲ್ಲಿರುತ್ತದೆ.

ಹಾಗಂತ ಸುಮ್ನೆ ಝೆರಾಕ್ಸ್ ಮಾಡ್ತಾ ಕೂರಬೇಡಿ. ಬಾಕಿ ಅರ್ಜಿಗಳನ್ನು ತಾಲ್ಲೂಕುವಾರು ಎಕ್ಸೆಲ್‌ಗೆ ಹಾಕಿಕೊಡೋದು, ಯೋಜನೆ ಊರಿಗೆ ಮುಟ್ಟಿದೆಯಾ ಅಂತ ಹೋಗಿ ನೋಡಿ ವರದಿ ಬರೆಯೋದು, ಇಂಥ ಕೆಲಸ ಕೇಳಿ ತಗೊಳ್ಳಿ. ಕೇಳದಿದ್ದರೆ ಯಾರೂ ಕರೆದು ಕೊಡಲ್ಲ. ಇನ್ನು ನೌಕರಿ ವಿಷಯ: ಇಂಟರ್ನ್‌ಶಿಪ್ ಸರ್ಟಿಫಿಕೇಟಿನಿಂದ ಸರ್ಕಾರಿ ನೌಕರಿ ಸಿಗಲ್ಲ, ಪರೀಕ್ಷೆಯೇ ಬರೀಬೇಕು. ಅಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಕಡೆಯವರಿಗೆ 371ಜೆ ಪ್ರಮಾಣಪತ್ರವೇ, ಅಂದರೆ ಈ ಭಾಗದವರಿಗೆ ಇರುವ ಮೀಸಲಾತಿಯ ಪತ್ರವೇ, ಜಾಸ್ತಿ ಕೆಲಸಕ್ಕೆ ಬರುತ್ತದೆ.